ಶೇಂಗಾ ವಖಾರದಲ್ಲಿ ಓದುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ಹನುಮಸಾಗರದಿಂದ ನಮ್ಮೂರಿಗೆ ಬಂದು ಮುಟ್ಟಲು ಎರಡು ವಾರ ಹಿಡಿಯಿತು. ಸಂತಾಪ ಸಭೆ ಮಾಡಲು ಮಾತ್ರ ಊರಿನವರು ಎರಡು ದಿನವೂ ತಡಮಾಡಲಿಲ್ಲ. ಸಭೆಯಲ್ಲಿ ಶೇಂಗಾ ವ್ಯಾಪಾರಿಯ ಮಗ ಎದ್ದು ನಿಂತ. ಅವನ ತಲೆಯೂ ಈಗ ಬೆಳ್ಳಗಾಗಿದೆ. "ನಮ್ಮ ತಂದಿಯವರು ತಮ್ಮ ವಖಾರದಾಗ ಅವ್ರಿಗೆ ಜಾಗಾ ಕೊಟ್ಟು ಹೆಣ್ಣುಮಕ್ಕಳಿಗೆ ಓದಿಸಿದ್ರು. ಈ ಊರಾಗ ಹೆಣ್ಣುಮಕ್ಕಳ ಮೊದಲನೇ ವಾಚನಾಲಯ ಅಂದ್ರ ನಮ್ಮ ವಖಾರ" ಎಂದ. ಸಂತಾಪ ಸಭೆಯಲ್ಲೂ ಚಪ್ಪಾಳೆ ತಟ್ಟುವ ಜನ ನಮ್ಮವರು. ತಟ್ಟಿದರು. ನಿವೃತ್ತ ಶಿಕ್ಷಕಿ ಎಂಬ ಗೌರವಕ್ಕೆ ನನ್ನನ್ನೂ ಎರಡು ಮಾತಾಡಿರೆಂದು ಒತ್ತಾಯಿಸಿದರು. ನಾನು ಎದ್ದು ಮನೆಗೆ ಬಂದೆ. ಎರಡು ಮಾತಿನಲ್ಲಿ ಮುಗಿಯುವ ಸಿಟ್ಟಲ್ಲ ಅದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತನ್ನ ಹೆಸರು ಒಮ್ಮೆ ಸರಕಾರಿ ಕಾಗದದಲ್ಲಿ ಬಂದದ್ದೇ ಸಾಕು ಎಂದು ಅವರೇ ಹೇಳುತ್ತಿದ್ದರು. ನಾವು 'ಅಕ್ಕಾರು' ಎಂದು ಕರೆಯುತ್ತಿದ್ದೆವು, ಇಲ್ಲೂ ಹಾಗೆಯೇ ಇರಲಿ. ಊರಿನ ಹೆಸರೂ ಬೇಡ. ಕುಕನೂರು, ಯಲಬುರ್ಗಾಗಳ ನಡುವಿನ ಒಂದು ಸಣ್ಣ ಪೇಟೆ ಎಂದರೆ ಸಾಕು.

ಎರಡನೆಯ ಮಹಾ ಲಡಾಯಿ ಸುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನನಗೆ ಆಗ ಇಪ್ಪತ್ತು. ಕುಷ್ಟಗಿಯ ಕಡೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕರೆತಂದು ಮನೆಯಲ್ಲಿಟ್ಟುಕೊಂಡ ಮೇಲೆ ತವರಿಗೆ ಬಂದಿದ್ದೆ. ಅವ್ವನ ಜೊತೆ ನಾನೂ ಶೇಂಗಾ ಒಡೆಯಲು ಹೋಗತೊಡಗಿದೆ. ಕಾಯಿ ಒಡೆಯುವ ಯಂತ್ರ ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಮೂರು ನಾಲ್ಕು ತಿಂಗಳು ಇಪ್ಪತ್ತು ಇಪ್ಪತ್ತೈದು ಹೆಣ್ಣುಮಕ್ಕಳು ಸಾವಕಾರ ಶೇಂಗಾ ಚೀಲ ಕೂಡಿಡುವ ವಖಾರದಲ್ಲಿ ಸಾಲಾಗಿ ಕುಳಿತು ಕೈಯಿಂದಲೇ ಕಾಯಿ ಒಡೆಯುತ್ತಿದ್ದೆವು. ಕಾಳು ಚಕ್ಕಡಿಗಳಲ್ಲಿ ಗದಗಿನ ಎಣ್ಣೆ ಗಿರಣಿಗಳಿಗೆ ಹೋಗುತ್ತಿತ್ತು. ಹೆಬ್ಬೆರಳು ಸುಲಿದು ರಾತ್ರಿ ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ.

ಸಾವಕಾರನಿಗೆ ಒಂದೇ ಚಿಂತೆ. ಬಾಯಿ ಖಾಲಿ ಇದ್ದರೆ ಹೆಣ್ಣುಮಕ್ಕಳು ಕಾಳು ತಿನ್ನುತ್ತಾರೆ, ಇಲ್ಲವೆ ಮಾತಾಡುತ್ತಾರೆ. ಪುರಾಣ ಓದಿಸು, ದೇವರ ಕಥೆ ನಡೆದಾಗ ಯಾರೂ ಕದ್ದು ತಿನ್ನುವುದಿಲ್ಲ ಎಂದು ಅವನ ತಾಯಿ ಉಪಾಯ ಹೇಳಿಕೊಟ್ಟಳಂತೆ. ಆ 'ಮೊದಲನೇ ವಾಚನಾಲಯ' ಹುಟ್ಟಿದ್ದು ಹೀಗೆ, ನಮ್ಮ ಬಾಯಿ ಮುಚ್ಚಿಸಲು. ಮೊದಮೊದಲು ಒಬ್ಬ ಮುದುಕರು ಬಂದು ಓದುತ್ತಿದ್ದರು. ಅವರು ಹಾಸಿಗೆ ಹಿಡಿದ ಮೇಲೆ ಅಕ್ಕಾರು ಬಂದರು. ಹೆಣ್ಣಾಳಿನ ಕೂಲಿಗೇ ಓದುತ್ತಾರೆ ಎಂಬುದು ಸಾವಕಾರನಿಗೆ ಇನ್ನೂ ಅನುಕೂಲವಾಯಿತು.

ಅವರಿಗೆ ನಲವತ್ತರ ಹತ್ತಿರ ವಯಸ್ಸು. ಎತ್ತರದ ಆಳು, ಒಣಗಿದ ಮೈ, ಹುಬ್ಬುಗಳ ನಡುವೆ ಅಳಿಸಿಹೋಗದ ಎರಡು ಗೆರೆ. ನಗುವುದು ಅಪರೂಪ. ತಲೆ ತುಂಬ ಸೆರಗು ಹೊದ್ದಿರುತ್ತಿದ್ದರು. ಮುದುಕರಿಗೆ ಹಾಕಿಸಿದ್ದ ಮಂಚದ ಮೇಲೆ ಒಂದು ದಿನವೂ ಕೂರಲಿಲ್ಲ. ನಮ್ಮ ಹಾಗೆ ಗೋಣಿತಟ್ಟಿನ ಮೇಲೆ ಕುಳಿತು, ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು, ಹಾಳೆಯ ಮೇಲೆ ಬಿದ್ದ ಸಿಪ್ಪೆಯ ಧೂಳನ್ನು ಉಫ್ ಎಂದು ಊದಿ ಓದುತ್ತಿದ್ದರು. ಓದದೆ ಇದ್ದಾಗ ಕೈ ತಾನಾಗಿ ಕಾಯಿ ಒಡೆಯುತ್ತಿತ್ತು.

ಅವರ ಗಂಡ ತಾಲೂಕು ಕಚೇರಿಯಲ್ಲಿ ನಕಲು ಬರೆಯುತ್ತಿದ್ದವರು. ಆಗಿನ ಸಂಸ್ಥಾನ ಸರಕಾರದ ಉರ್ದು ಹುಕುಮುಗಳನ್ನು ಹಳ್ಳಿಹಳ್ಳಿಗೆ ಕಳಿಸಲು ಒಂದೊಂದನ್ನೂ ಹತ್ತಾರು ಪ್ರತಿ ತೆಗೆಯಬೇಕು. ಕಣ್ಣು ಮಂಜಾಗುತ್ತ ಬಂದಾಗ ಅವರು ಹೆಂಡತಿಗೆ ಉರ್ದು ಕಲಿಸಿದರು. ಆಮೇಲೆ ಆರು ವರ್ಷ ಆ ಕಚೇರಿಯಿಂದ ಹೊರಟ ನಕಲುಗಳನ್ನೆಲ್ಲ ಬರೆದದ್ದು ಈ ಹೆಣ್ಣುಮಗಳು, ಮನೆಯಲ್ಲಿ, ಒಲೆಯ ಪಕ್ಕ ಕುಳಿತು. ಕೆಳಗೆ ಸಹಿ ಮಾತ್ರ ಗಂಡನದು. ಕಚೇರಿಯವರಿಗೆಲ್ಲ ಗೊತ್ತಿತ್ತು. ಗಂಡ ಸತ್ತ ಮೇಲೆ ಹೋಗಿ, ಈ ಕೆಲಸವನ್ನು ನನಗೇ ಕೊಡಿರಿ ಎಂದಾಗ ಅವರೆಲ್ಲ ನಕ್ಕರಂತೆ. ಈ ಸಂಗತಿಯನ್ನು ಅವರು ನನಗೆ ಒಮ್ಮೆ ಮಾತ್ರ ಹೇಳಿದರು. ಅಳಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಕೈಯಲ್ಲಿದ್ದ ಕಾಯಿ ಕಾಳು ಸಮೇತ ಪುಡಿಯಾಗಿತ್ತು.

ಅವರು ಬಂದ ಎರಡನೆಯದೋ ಮೂರನೆಯದೋ ದಿನ. ಪುರಾಣದಲ್ಲಿ ರಾಜ ಪಟ್ಟಣಕ್ಕೆ ಮರಳುವ ಭಾಗ. ಪುರಜನರು ಬೀದಿಗೆಲ್ಲ ನೀರು ಹೊಡೆದು, ತೋರಣ ಕಟ್ಟಿ, ಕಾದು ನಿಂತಿದ್ದರು ಎಂದು ಓದಿದ ಅಕ್ಕಾರು ಅಲ್ಲಿಗೇ ನಿಲ್ಲಿಸಿ ತಲೆ ಎತ್ತಿದರು.

"ಆ ನೀರು ಯಾರು ತಂದ್ರು?"

ಪುರಾಣ ಓದುವವರು ಪ್ರಶ್ನೆ ಕೇಳುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಪುರಜನರು ತಂದರು ಅಂತ ಅದರಾಗ ಐತೆಲ್ರಿ ಎಂದು ನಮ್ಮವ್ವ ಮೆಲ್ಲಗೆ ಹೇಳಿದಳು. ಪುರಜನರಲ್ಲಿ ಸಾವಕಾರ ಕೊಡ ಹೊತ್ತನೋ, ಪಾಟೀಲ ಹೊತ್ತನೋ ಎಂದು ಅಕ್ಕಾರು ಮತ್ತೆ ಕೇಳಿದರು. ಆಗ ಬಾಗಿಲಾಚೆಯ ಕಟ್ಟೆಯಿಂದ ಒಂದು ದನಿ ಬಂತು.

"ನಾವ ತಂದಿರಬೇಕ್ರಿ."

ಅದು ಹನಮವ್ವ. ಊರ ಹೊರಗಿನ ಕೇರಿಯವಳು. ಅವಳನ್ನು ನಮ್ಮ ಸಾಲಿನಲ್ಲಿ ಕೂರಿಸುತ್ತಿರಲಿಲ್ಲ. ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನುಕೊಟ್ಟು ಒಬ್ಬಳೇ ಕುಳಿತು ಒಡೆಯುತ್ತಿದ್ದಳು. ಅವಳ ಮಾತಿಗೆ ಇಡೀ ವಖಾರ ನಕ್ಕಿತು. ಆದರೆ ಅದು ನಿಜ. ತಿರುಗಾಟಕ್ಕೆ ಬಂದ ಅಧಿಕಾರಿಗಳು ಊರ ಹೊರಗಿನ ತೋಪಿನಲ್ಲಿ ಡೇರೆ ಹಾಕಿದಾಗಲೆಲ್ಲ ನೀರು ಹೊರಲು, ಬೀಸಲು, ಪಾತ್ರೆ ತಿಕ್ಕಲು ನಮ್ಮನ್ನೇ ಎಬ್ಬಿಸಿಕೊಂಡು ಹೋಗುತ್ತಿದ್ದರು. ಬಿಟ್ಟಿ ಚಾಕರಿ. ಒಂದು ಹೊತ್ತಿನ ಊಟವೂ ಇಲ್ಲ, ಆ ದಿನದ ಶೇಂಗಾ ಕೂಲಿಯೂ ಇಲ್ಲ. ಹನಮವ್ವನ ಕೇರಿಯವರಿಗಂತೂ ಇದು ತಿಂಗಳಿಗೊಮ್ಮೆ ತಪ್ಪದ ಪಾಳಿ.

ಅವತ್ತಿನಿಂದ ಓದಿನ ರೀತಿಯೇ ಬೇರೆಯಾಯಿತು. ನಾಲ್ಕು ಸಾಲು ಪುರಾಣ, ಆಮೇಲೆ ಮಾತು. ಚಕ್ಕಡಿ ಹೊಡೆಯುವವರು ಗದಗಿನಿಂದ ಬೆಲ್ಲವನ್ನೋ ಸಕ್ಕರೆಯನ್ನೋ ಕಟ್ಟಿಸಿಕೊಂಡು ಬಂದ ಹಳೆಯ ಕನ್ನಡ ಪತ್ರಿಕೆಗಳನ್ನು ಅಕ್ಕಾರು ಕೇಳಿ ಇಸಿದುಕೊಂಡು ಮಡಿಕೆ ಬಿಡಿಸುತ್ತಿದ್ದರು. ಅರ್ಧ ಸುದ್ದಿ ಹರಿದುಹೋಗಿರುತ್ತಿತ್ತು. ಉಳಿದರ್ಧ ಓದಿ, ಹರಿದದ್ದರಲ್ಲಿ ಏನಿದ್ದಿರಬಹುದು ಎಂದು ನಮ್ಮನ್ನು ಕೇಳುವರು. ನಮ್ಮದು ಸಂಸ್ಥಾನ, ಗದಗ ಇಂಗ್ಲಿಷರ ಸೀಮೆ. ಅಲ್ಲಿ ಹೆಣ್ಣುಮಕ್ಕಳೂ ಚುನಾವಣೆಯಲ್ಲಿ ಚೀಟಿ ಹಾಕಿದರೆಂದು ಒಮ್ಮೆ ಓದಿದರು. ನಾವು ಬಾಯಿ ತೆರೆದು ಕೇಳಿದೆವು. ಹೊಲ ಇಲ್ಲದಾಕಿಗೂ ಚೀಟಿ ಐತೇನ್ರಿ ಎಂದು ಕಟ್ಟೆಯಿಂದ ಹನಮವ್ವ ಕೇಳಿದಳು. ಅಕ್ಕಾರು ಮೂರು ಸಲ ಹುಡುಕಿ, ಪತ್ರಿಕೆ ಆ ಮಾತನ್ನು ಹೇಳಿಲ್ಲ ಎಂದರು. ಹೇಳದೆ ಬಿಟ್ಟದ್ದನ್ನು ಕಂಡುಹಿಡಿದವಳು ಅಕ್ಷರ ಬಾರದ ಹೆಂಗಸು ಎಂದು ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಗೋಣಿತಟ್ಟು ಎತ್ತಿಕೊಂಡು ಹೋಗಿ ಹೊಸ್ತಿಲ ಪಕ್ಕದಲ್ಲಿ ಹಾಸಿಕೊಂಡರು. ಆಮೇಲೆ ದಿನಾ ಅಲ್ಲಿಂದಲೇ ಓದು, ಒಳಗಿನವರಿಗೂ ಹೊರಗಿನವಳಿಗೂ ಕೇಳುವ ಹಾಗೆ. ಒಳಗಿನ ಕೆಲವರಿಗೆ ಅದು ಸೇರಲಿಲ್ಲ. ಎರಡು ದಿನ ಬೆನ್ನು ತಿರುಗಿಸಿ ಕುಳಿತರು.

ಅಕ್ಕಾರು ಒಳ್ಳೆಯವರಾಗಿದ್ದರು ಎಂದು ಸಂತಾಪ ಸಭೆಯಲ್ಲಿ ಹೇಳಿದರು. ಒಳ್ಳೆಯವರು, ನಿಜ. ಮೆತ್ತಗಿನವರಲ್ಲ. ಯಾರಾದರೂ ಸುಮ್ಮನೆ ಹೂಂ ಎಂದರೆ ಸಿಡಿಯುತ್ತಿದ್ದರು. ಯಾವುದಕ್ಕೆ ಹೂಂ ಅಂದಿ, ಹೇಳು ಎಂದು ಬೆನ್ನು ಬೀಳುವರು. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ತಪ್ಪೆನ್ನುವ ಮೊದಲು ಆ ಮಾತನ್ನು ತನ್ನ ಬಾಯಿಂದ ತಿರುಗಿ ಹೇಳಬೇಕು. ಹೌದು, ನಾ ಅಂದದ್ದು ಇದನ್ನೇ ಎಂದು ಮೊದಲಿನವಳು ಒಪ್ಪಬೇಕು. ಆಮೇಲೆ ಜಗಳ. ಈ ನಿಯಮಕ್ಕೆ ಎಷ್ಟೋ ಜಗಳಗಳು ಸುರುವಾಗುವ ಮೊದಲೇ ಸತ್ತವು. ನಮ್ಮವ್ವನನ್ನು ಒಂದು ದಿನ ಅಳಿಸಿಯೇ ಬಿಟ್ಟರು. ಮಧ್ಯಾಹ್ನ ರೊಟ್ಟಿಯ ಬಿಡುವಿನಲ್ಲಿ ನೆಲದ ಮೇಲೆ ಸಿಪ್ಪೆಯ ಪುಡಿ ಹರವಿ ಬೆರಳಿನಿಂದ ಅಕ್ಷರ ಬರೆಸುವರು. ಬೇಗ ಕಲಿತವಳು ನಾನು. ಅದಕ್ಕೆ ನನಗೆ ಬಹಳ ಜಂಬವಿತ್ತು.

ಬಿಟ್ಟಿ ಚಾಕರಿಯ ಮಾತು ದಿನವೂ ಬರುತ್ತಿತ್ತು. ಒಂದು ದಿನ ಅಕ್ಕಾರು, ಈ ಬಗ್ಗೆ ಹಿಂದೆ ಒಂದು ಹುಕುಮು ಹೊರಟಿತ್ತು, ನಾನೇ ನಕಲು ಬರೆದಿದ್ದೆ ಎಂದರು. ತಿರುಗಾಟದ ಅಧಿಕಾರಿಗಳಿಗೆ ಯಾರಿಂದಲೂ ಕೂಲಿ ಕೊಡದೆ ಕೆಲಸ ಮಾಡಿಸಬಾರದು ಎಂಬ ಹುಕುಮು. ವಖಾರದಲ್ಲಿ ಗದ್ದಲವೆದ್ದಿತು. ಹಾಗಾದರೆ ನಾಳೆಯಿಂದಲೇ ಹೋಗುವುದು ಬೇಡ ಎಂದೆ ನಾನು. ಅವರು ನನ್ನನ್ನು ಕೆಕ್ಕರಿಸಿ ನೋಡಿದರು.

"ನನ್ನ ಮಾತು ಯಾಕ ನಂಬತಿ? ನಾ ಮರತಿರಬಹುದು, ಸುಳ್ಳೂ ಹೇಳಬಹುದು. ಕಾಗದ ತರಬೇಕು. ತಂದು ಎಲ್ಲಾರೂ ಕೂಡಿ ಓದಬೇಕು."

ಕಾಗದ ತರುವುದು ಸುಲಭವಿರಲಿಲ್ಲ. ಫೀ ಕಟ್ಟಿ ಅರ್ಜಿ ಕೊಟ್ಟರೆ ಯಾರಿಗಾದರೂ ನಕಲು ಕೊಡಬೇಕು ಎಂಬ ನಿಯಮ ಅವರಿಗೆ ಗೊತ್ತಿತ್ತು. ಆ ನಿಯಮವನ್ನೂ ಅವರೇ ಹತ್ತಾರು ಸಲ ಬರೆದಿದ್ದರು. ಮೂರು ಸಲ ನಡೆದುಕೊಂಡು ತಾಲೂಕಿಗೆ ಹೋದರು. ಮೂರನೆಯ ಸಲ ನಾನೂ ಜೊತೆಗಿದ್ದೆ. ಅಲ್ಲಿ ನಕಲು ಬರೆಯುವ ಹೊಸಬ ತಲೆ ತಗ್ಗಿಸಿ ಬರೆದುಕೊಟ್ಟ. ಅಕ್ಕಾರು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಪೂರ್ತಿ ಓದಿ, ಎರಡು ಕಡೆ ಅವನ ತಪ್ಪು ತಿದ್ದಿಸಿದರು.

ಆ ಒಂದು ಹಾಳೆಯನ್ನು ನಾವು ನಾಲ್ಕು ದಿನ ಓದಿದೆವು. ಮೊದಲು ಉರ್ದು, ಆಮೇಲೆ ಕನ್ನಡ, ಆಮೇಲೆ ನಮ್ಮ ನಮ್ಮ ಮಾತಿನಲ್ಲಿ. 'ಉಜರತ್' ಎಂದರೆ ಕೂಲಿ. ಆ ಶಬ್ದವನ್ನು ಎಲ್ಲರೂ ಬಾಯಿಪಾಠ ಮಾಡಿದರು. ಕೊಡತಕ್ಕದ್ದು ಅಂತ ಬರೆದಿದ್ದಾರೆ, ಯಾರು ಕೊಡತಕ್ಕದ್ದು ಎಂದು ಬರೆದಿಲ್ಲವಲ್ಲ ಎಂದು ಹನಮವ್ವ ಹಿಡಿದಳು. ಒಂದು ಇಡೀ ದಿನ ಅದರ ಮೇಲೆಯೇ ಹೋಯಿತು. ಕರೆಯಲು ಬಂದವನು ಕೊಡಬೇಕೋ, ಪಾಟೀಲ ಕೊಡಬೇಕೋ, ಡೇರೆಯಲ್ಲಿದ್ದವನು ಕೊಡಬೇಕೋ. ಕೇಳಿದರೆ ಹೊಡೆಯುತ್ತಾರೆ ಎಂದರು ಕೆಲವರು. ಅದೂ ನಿಜವೇ. ನೀವೇ ಹೇಳಿಬಿಡಿರಿ, ಏನು ಮಾಡೋಣ ಎಂದು ನಾವೆಲ್ಲ ಅಕ್ಕಾರ ಕಡೆ ನೋಡಿದೆವು.

"ನಾ ಹೇಳಂಗಿಲ್ಲ" ಎಂದರು. "ಕೊಡ ಹೊರಾಕಿ ನಾನಲ್ಲ. ಹೊಡತ ತಿನ್ನಾಕಿನೂ ನಾನಲ್ಲ. ಓದಿದ್ದು ಆತು, ಇನ್ನ ನೀವು ನೀವು ಮಾತಾಡಕೋರಿ."

ಅವತ್ತು ನನಗೆ ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ಇಷ್ಟು ದೂರ ಕರೆತಂದು ಕೈಬಿಡುತ್ತಾರೆ ಎಂದುಕೊಂಡೆ. ಆಮೇಲೆ ನಾವೇ ಎರಡು ದಿನ ಮಾತಾಡಿದೆವು. ಒಲ್ಲೆವು ಎನ್ನುವುದು ಬೇಡ. ಕರೆದಾಗ ಏಳೋಣ, ಆದರೆ ಕೊಡಕ್ಕೆ ಕೈ ಹಚ್ಚುವ ಮೊದಲು ಒಬ್ಬೊಬ್ಬರೂ ಉಜರತ್ ಕೇಳೋಣ ಎಂದು ನಿಶ್ಚಯವಾಯಿತು.

ಹದಿನೈದು ದಿನಕ್ಕೆ ತೋಪಿನಲ್ಲಿ ಡೇರೆ ಬಿತ್ತು. ಪಾಟೀಲನ ಕೈಕೆಳಗಿನ ಆಳು, ಚಾವಡಿಯ ವಾಲೀಕಾರ, ವಖಾರಕ್ಕೆ ಬಂದು ಹನ್ನೊಂದು ಮಂದಿಯನ್ನು ಎಬ್ಬಿಸಿದ. ಹನಮವ್ವ, ನಾನು, ನಮ್ಮವ್ವ, ಇನ್ನೆಂಟು ಜನ. ತೋಪಿನ ಬಾವಿಯ ಕಟ್ಟೆಗೆ ಹೋಗಿ ನಿಂತೆವು. ಹನಮವ್ವ ಮೊದಲು ಕೇಳಿದಳು. ಆಮೇಲೆ ಅವಳ ಪಕ್ಕದವಳು, ಆಮೇಲೆ ನಾನು. ಹನ್ನೊಂದು ಬಾಯಿಂದ ಒಂದೇ ಶಬ್ದ ಹನ್ನೊಂದು ಸಲ ಬಂದಾಗ ವಾಲೀಕಾರನಿಗೆ ಬೈಯಲೂ ತೋಚಲಿಲ್ಲ. ಓಡಿಹೋಗಿ ಪಾಟೀಲನನ್ನು ಕರೆತಂದ. ಪಾಟೀಲ ಬೈದ, ಕೈಯೆತ್ತಿದ. ಅಷ್ಟರಲ್ಲಿ ಗದ್ದಲ ಕೇಳಿ ಡೇರೆಯ ಕಾರಕೂನ ಬಂದ. ಆ ಶಬ್ದ ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗಿ ಬಂದು ಕೂಲಿ ಕೊಡಿಸಿದ. ಆಮೇಲೆ ನಾವು ನೀರು ಹೊತ್ತೆವು. ಅಷ್ಟು ಹಗುರಾದ ಕೊಡವನ್ನು ನಾನು ಮೊದಲು ಹೊತ್ತಿರಲಿಲ್ಲ.

ಪಾಟೀಲ ಸುಮ್ಮನೆ ಕೂರುವವನಲ್ಲ. ಅಪ್ಪಣೆಯಿಲ್ಲದೆ ಸಭೆ ಸೇರಬಾರದೆಂಬ ಕಾಯಿದೆ ಆಗ ಇತ್ತು. ಶೇಂಗಾ ವಖಾರದಲ್ಲಿ ದಿನಾ ಸಭೆ ನಡೆಯುತ್ತಿದೆ, ಒಬ್ಬ ಹೆಂಗಸು ಸರಕಾರದ ವಿರುದ್ಧ ಓದುತ್ತಾಳೆ ಎಂದು ಬರೆದು ಕಳಿಸಿದ. ವಾರದೊಳಗೆ ಪೊಲೀಸ್ ಅಮೀನ ತಪಾಸಣೆಗೆ ಬಂದ.

ಈಗ ಸಾವಕಾರನ ಮಾತು. ಅವನು ಬಾಗಿಲಿಗೆ ನಿಂತು ಎಷ್ಟೋ ಸಲ ನಮ್ಮ ಓದು ಕೇಳಿದ್ದ. ತನಗೆ ಬಂದ ನೋಟೀಸುಗಳನ್ನು ಅಕ್ಕಾರಿಂದಲೇ ಪುಕ್ಕಟೆ ಓದಿಸಿಕೊಂಡಿದ್ದ. ಅಮೀನನ ಮುಂದೆ ಕೈಮುಗಿದು, ಪುರಾಣ ಓದಲು ಕರೆಸಿದ್ದೆನ್ರಿ, ಉಳಿದದ್ದು ನನಗೇನೂ ಗೊತ್ತಿಲ್ಲ ಎಂದ. ಅಂದು ಸಂಜೆಯೇ ನಾವು ಅಕ್ಷರ ಬರೆಯುತ್ತಿದ್ದ ನೆಲವನ್ನು ಸಗಣಿಯಿಂದ ಬಳಿಸಿದ. ಅವನ ಮಗ ಸಭೆಯಲ್ಲಿ ಹೇಳಿದ 'ಜಾಗಾ ಕೊಟ್ಟರು' ಎಂಬ ಮಾತಿನ ಅರ್ಥ ಇಷ್ಟು.

ಹನ್ನೊಂದು ಮಂದಿಯನ್ನೂ ಚಾವಡಿಗೆ ಕರೆಸಿದರು. ಅಕ್ಕಾರನ್ನು ಮುಂಜಾನೆಯೇ ಹಿಡಿದುಕೊಂಡು ಹೋಗಿದ್ದರು. ಹೇಳಿಕೆಯನ್ನು ಉರ್ದುವಿನಲ್ಲಿ ಮೊದಲೇ ಬರೆದಿಟ್ಟಿದ್ದರು. ನಮ್ಮನ್ನು ಏನೂ ಕೇಳಲಿಲ್ಲ. ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಒತ್ತಿ ಹೋಗಬೇಕು, ಇಲ್ಲವಾದರೆ ಎಲ್ಲರೂ ಜೇಲಿಗೆ ಎಂದರು. ಹನಮವ್ವನ ಸರದಿ ಮೊದಲು ಬಂತು.

"ಅದರಾಗ ಏನ್ ಬರದೀರಿ ಅಂತ ಓದಿ ಹೇಳ್ರಿ" ಎಂದಳು.

ಅಮೀನನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೂಟುಗಾಲಿನಿಂದ ಒದ್ದ. ಅವಳು ಎದ್ದು ಕುಳಿತು ಅದೇ ಮಾತನ್ನು ಮತ್ತೆ ಹೇಳಿದಳು. ಚಾವಡಿಯ ಮುಂದಿನ ಬಯಲಿನಲ್ಲಿ ಬಿಸಿಲಿಗೆ ಕೂರಿಸಿದರು. ಉಳಿದವರು ಅವಳನ್ನು ನೋಡುತ್ತಲೇ ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು. ನಮ್ಮವ್ವ ಒತ್ತಿದಳು. ನನ್ನ ಸರದಿ ಬಂದಾಗ ಅಮೀನ ಮಸಿಯ ಡಬ್ಬಿ ಮುಂದೆ ಸರಿಸಿದ. ನಾನು ಹೆಬ್ಬೆಟ್ಟು ಒತ್ತಲಿಲ್ಲ. ಲೇಖಣಿ ಕೇಳಿ ಇಸಿದುಕೊಂಡು ಕನ್ನಡದಲ್ಲಿ ಸಹಿ ಮಾಡಿದೆ. ಏನು ಬರೆದಿದ್ದಾರೆಂದು ಕೇಳಲಿಲ್ಲ. ಆ ಹೊತ್ತಿನಲ್ಲೂ, ಅಷ್ಟು ಅಂಜಿಕೆಯಲ್ಲೂ, ನನಗೆ ಸಹಿ ಬರುತ್ತದೆ ಎಂದು ತೋರಿಸಿಕೊಳ್ಳುವ ಆಸೆ ಇತ್ತು. ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ್ದೇನೆ. ಆ ಸಹಿಯ ನೆನಪಾದರೆ ಈಗಲೂ ಕೈ ಕಡಿದುಕೊಳ್ಳಬೇಕೆನಿಸುತ್ತದೆ.

ಅಕ್ಕಾರನ್ನು ಎಂಟು ದಿನ ಕೂಡಿಹಾಕಿದರು. ಇನ್ನು ಮುಂದೆ ಎಲ್ಲಿಯೂ ಜನರನ್ನು ಕೂಡಿಸಿ ಏನನ್ನೂ ಓದುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಊರು ಬಿಡಿಸಿದರು. ಅವರು ಹನುಮಸಾಗರದ ಅಣ್ಣನ ಮನೆಗೆ ಹೋದರು. ಸಾವಕಾರ ಹನಮವ್ವನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅವಳು ಕಟ್ಟಿಗೆ ಹೊರತೊಡಗಿದಳು. ನನಗೋ, ಸಹಿ ಮಾಡುವ ಹುಡುಗಿ ಎಂದು ಹೆಸರಾಯಿತು. ಪಾಟೀಲನ ಹೆಂಡತಿ ತನ್ನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ನನ್ನನ್ನೇ ಕರೆಸಿದಳು. ನನಗೆ ಮೊದಲ ನೌಕರಿ ಕೊಡಿಸಿದ್ದು ಆ ಸಹಿ. ಆಮೇಲೆ ಉರ್ದು ಕಲಿತೆ, ಪರೀಕ್ಷೆ ಕಟ್ಟಿದೆ. ಸಂಸ್ಥಾನ ಹೋಗಿ ಹೊಸ ಸರಕಾರ ಬಂದು ಶಾಲೆಗಳನ್ನು ತೆರೆದಾಗ ನಮ್ಮೂರಿನಲ್ಲೇ ಶಿಕ್ಷಕಿಯಾದೆ.

ಶಿಕ್ಷಕಿಯಾದ ವರ್ಷವೇ ಅಕ್ಕಾರನ್ನು ನೋಡಲು ಹೋದೆ. ಕುಷ್ಟಗಿಯವರೆಗೆ ಮೋಟಾರು, ಅಲ್ಲಿಂದ ಚಕ್ಕಡಿ. ಅವರ ಕೂದಲು ಪೂರ್ತಿ ನೆರೆತಿತ್ತು. ಹುಬ್ಬಿನ ನಡುವಿನ ಗೆರೆಗಳು ಇನ್ನೂ ಆಳವಾಗಿದ್ದವು. ನಾನು ಕಾಲು ಹಿಡಿಯಲು ಬಗ್ಗಿದೆ. ಹಿಂದೆ ಸರಿದುಕೊಂಡರು. ತಪ್ಪಾಯಿತೆಂದು ಹೇಳಲು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಟ್ರಂಕಿನಿಂದ ಒಂದು ಕಾಗದ ತಂದರು. ನಮ್ಮ ಹೇಳಿಕೆಯ ನಕಲು. ಕೂಡಿಹಾಕಿದ ಎಂಟು ದಿನಗಳಲ್ಲಿ, ಅಲ್ಲಿಂದಲೇ ಅರ್ಜಿ ಕೊಟ್ಟು ಅದನ್ನೂ ತೆಗೆಸಿಕೊಂಡಿದ್ದರು.

"ಅವತ್ತ ಓದಲಿಲ್ಲ. ಈಗರ ಓದು" ಎಂದರು.

ಓದಿದೆ. ಈ ಹೆಂಗಸು ನಮಗೆ ಸರಕಾರಕ್ಕೆ ತಿರುಗಿ ಬೀಳಲು ಕಲಿಸಿದಳು, ಅಧಿಕಾರಿಗಳ ಮೇಲೆ ಕಲ್ಲು ತೂರಲು ಹೇಳಿದಳು, ನಾವು ಒಲ್ಲೆವೆಂದರೂ ಬಿಡಲಿಲ್ಲ. ಒಂದೊಂದು ಸಾಲೂ ಸುಳ್ಳು. ಕೊನೆಯಲ್ಲಿ ನನ್ನ ಸಹಿಯ ನಕಲು. ಅದರ ಮೇಲೆ ಹತ್ತು ಹೆಸರು, ಒಂದೊಂದರ ಮುಂದೂ ಹೆಬ್ಬೆಟ್ಟಿನ ಗುರುತು ಎಂಬ ಬರಹ. ಹತ್ತರಲ್ಲಿ ಮೊದಲನೆಯದು ಹನಮವ್ವನ ಹೆಸರು.

ಅವಳು ಒತ್ತಿಲ್ಲವಲ್ಲ ಎಂದೆ. ಅಕ್ಕಾರು ನನ್ನ ಮುಖ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಒದ್ದದ್ದು, ಬಿಸಿಲಿನಲ್ಲಿ ಕೂರಿಸಿದ್ದು, ಹೊತ್ತು ಮುಳುಗುವ ತನಕ ಕೂತಿದ್ದು, ಓದಿ ಹೇಳಿರಿ ಎಂಬ ಒಂದೇ ಮಾತನ್ನು ಬಿಡದೆ ಇದ್ದದ್ದು, ಕೊನೆಗೆ ಬೇಸತ್ತು ಅವಳನ್ನು ಅಟ್ಟಿದ್ದು. ಇಷ್ಟು ವರ್ಷವೂ ಅವರು ಆ ಕಾಗದವನ್ನು ನಂಬಿದ್ದರು. ನಮ್ಮೂರಿನಿಂದ ಒಮ್ಮೆ ಹನಮವ್ವನ ಗಂಡ ಕೂಲಿಗೆಂದು ಹನುಮಸಾಗರಕ್ಕೆ ಬಂದವನು ಮಾತಾಡಿಸಲು ಬಂದಾಗ, ನಿನ್ನ ಹೆಂಡತಿ ಮಾ‌ಡಿದ್ದು ಸಾಕು ಎಂದು ಬಾಗಿಲಿನಿಂದಲೇ ಕಳಿಸಿದ್ದರು.

ಅವರು ಹೇಳಿದ ಮಾತು ಇದು: "ನನ್ನ ಮಾತೂ ನಂಬಬ್ಯಾಡ್ರಿ ಅಂತ ನಿಮಗ ಹೇಳಿದಾಕಿ ನಾನು. ಕಾಗದಾ ನಂಬಿಕೊಂಡ ಕುಂತೆ. ಅಕಿನ್ನ ಒಂದ ಮಾತ ಕೇಳಲಿಲ್ಲ."

ನನಗೆ ಆ ಕ್ಷಣ ಅವರ ಮೇಲೆ ಮರುಕ ಬರಲಿಲ್ಲ. ಸಿಟ್ಟೇ ಬಂತು. ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ಹಾಕಲು ಜಾಗ ಸಿಕ್ಕಿತು ಎಂಬುದು ಈಗ ತಿಳಿಯುತ್ತದೆ. ಅದನ್ನು ಅವರು ಅಂದೇ ಕಂಡರು. ನೀನು ನನ್ನ ಹತ್ತಿರ ಇಷ್ಟು ದೂರ ಬಂದೆ, ಅವಳ ಮನೆ ನಿನ್ನ ಶಾಲೆಯಿಂದ ಎಷ್ಟು ದೂರ ಎಂದು ಕೇಳಿದರು. ಎರಡು ಓಣಿ. ಅವಳ ಹತ್ತಿರ ಹೋಗಿದ್ದೀಯಾ ಎಂದರು. ನಾನು ಹೋಗಿರಲಿಲ್ಲ. ದಾರಿಯಲ್ಲಿ ಕಟ್ಟಿಗೆ ಹೊರೆ ಹೊತ್ತು ಎದುರಾದರೆ ಮುಖ ತಿರುಗಿಸಿ ನಡೆದಿದ್ದೆ, ಒಂದಲ್ಲ, ನೂರು ಸಲ.

ಮರುದಿನ ಮುಂಜಾನೆ ಇಬ್ಬರೂ ಹೊರಟೆವು. ನಮ್ಮೂರಿನಲ್ಲಿ ಮೋಟಾರು ಇಳಿದಾಗ ಕೆಲವರು ಗುರುತು ಹಿಡಿದು ಕೈಮುಗಿದರು. ಅವರು ಯಾರಿಗೂ ತಿರುಗಿ ಮುಗಿಯಲಿಲ್ಲ, ನೆಟ್ಟಗೆ ಊರ ಹೊರಗಿನ ಕೇರಿಗೆ ನಡೆದರು. ಹನಮವ್ವ ಮನೆಯ ಮುಂದೆ ಕಟ್ಟಿಗೆ ಸೀಳುತ್ತಿದ್ದಳು. ಕೊಡಲಿ ಕೆಳಗಿಡಲಿಲ್ಲ. ಅಕ್ಕಾರು ಅವಳ ಮುಂದೆ ನಿಂತು, ಕಾಗದದಲ್ಲಿ ಏನಿತ್ತು, ತಾನು ಏನನ್ನು ನಂಬಿದೆ, ಅವಳ ಗಂಡನಿಗೆ ಏನೆಂದೆ ಎಂಬುದನ್ನೆಲ್ಲ ಒಂದು ಮಾತೂ ಬಿಡದೆ ಹೇಳಿದರು. ಆಮೇಲೆ ನಾನು ಹೇಳಿದೆ. ನನ್ನ ಮಾತು ಅವರದಕ್ಕಿಂತ ಉದ್ದವಾಯಿತು, ಅವರದರಷ್ಟು ನೆಟ್ಟಗಿರಲಿಲ್ಲ.

ಹನಮವ್ವ ಪೂರ್ತಿ ಕೇಳಿದಳು.

"ನನ್ನ ಹೆಬ್ಬೆಟ್ಟು ನನ್ನ ಕೈಯಾಗ ಐತಿ" ಎಂದಳು. "ಹಂಗಾರ ಅಲ್ಲಿ ಒತ್ತಿದ್ದು ಯಾರದು?"

ನಮಗೆ ಗೊತ್ತಿರಲಿಲ್ಲ. ಅವಳು ನಮ್ಮನ್ನು ಕ್ಷಮಿಸಿದಳೇ ಎಂದು ಓದುವವರು ಕೇಳಬಹುದು. ಆ ಮಾತೇ ಬರಲಿಲ್ಲ. ಬನ್ನಿರಿ, ಕೂರಿರಿ ಎಂದೂ ಅನ್ನಲಿಲ್ಲ. ಕೇರಿಯವರನ್ನೆಲ್ಲ ಕೂಗಿ ಕರೆದಳು. ಆ ಕಾಗದವನ್ನು ಅವರ ಮುಂದೆ ಓದು ಎಂದು ನನಗೆ ಹೇಳಿದಳು. ಓದಿದೆ. ನನ್ನ ಹೆಸರು ಬಂದಾಗ ಯಾರೋ ಉಗುಳಿದರು. ಓದುತ್ತ ಹೋದೆ. ಅವಳ ಹೆಸರು ಬಂದಾಗ ನಿಲ್ಲಿಸಿ ಮತ್ತೊಮ್ಮೆ ಓದಿಸಿದಳು. ಇದು ನಾನಲ್ಲ, ಎಂದು ಕೇರಿಗೆ ಹೇಳಿದಳು. ಹೌದು, ನೀನು ಬಿಸಿಲಾಗ ಕುಂತಿದ್ದಿ, ನಾವು ನೋಡೇವಿ ಎಂದು ಒಬ್ಬ ಮುದುಕಿ ಅಂದಳು. ಇಷ್ಟು ವರ್ಷ ಆ ಮುದುಕಿಯನ್ನು ಕೇಳಿದವರೇ ಇರಲಿಲ್ಲ.

ಹೊಸ ಸರಕಾರಕ್ಕೆ ಅರ್ಜಿ ಬರೆಯಬೇಕು ಎಂದಳು ಹನಮವ್ವ. ಹಳೆಯ ಕಾಗದದಿಂದ ತನ್ನ ಹೆಸರು ತೆಗೆಯಬೇಕು, ಸುಳ್ಳು ಹೆಬ್ಬೆಟ್ಟು ಒತ್ತಿದವರು ಯಾರೆಂದು ತನಗೆ ತಿಳಿಸಬೇಕು. ಅಕ್ಕಾರು ಕಟ್ಟಿಗೆ ರಾಶಿಯ ಮೇಲೆ ಕುಳಿತು ಬರೆದರು. ಕೇರಿಯವರು ಸುತ್ತ ನಿಂತು ಒಂದೊಂದು ಸಾಲಿಗೂ ಮಾತು ಸೇರಿಸಿದರು, ತೆಗೆಸಿದರು. 'ದಯವಿಟ್ಟು' ಎಂದು ಬರೆದದ್ದನ್ನು ಹನಮವ್ವ ಹೊಡೆಸಿಹಾಕಿದಳು. ಮಧ್ಯಾಹ್ನ ದಾಟಿತು. ಬರೆದು ಮುಗಿದ ಮೇಲೆ ನನ್ನ ಕೈಗೆ ಕೊಡಿಸಿ ಓದಿಸಿದಳು. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಓದಿದೆ. ಆಮೇಲೆ ಹೆಬ್ಬೆಟ್ಟು ಒತ್ತಿದಳು. ಅದರ ಕೆಳಗೆ ಅಕ್ಕಾರು ಸಹಿ ಮಾಡಿದರು. ನಾನು ಲೇಖಣಿಗೆ ಕೈಚಾಚಿದೆ. ಹನಮವ್ವ ಅಡ್ಡ ಬಂದು, "ನಿನ್ನ ಸಹಿ ಬ್ಯಾಡ. ಬರೇ ಕಂಡದ್ದು ಬರಿ" ಎಂದಳು. ಚಾವಡಿಯಲ್ಲಿ ಅಂದು ನಾನು ಕಂಡದ್ದನ್ನು ಬೇರೆ ಹಾಳೆಯಲ್ಲಿ ಬರೆದೆ. ಅದನ್ನೂ ಕೇರಿಯ ಮುಂದೆ ಓದಿಸಿ ಆಮೇಲೆ ಒಪ್ಪಿದಳು.

ಆ ಅರ್ಜಿಗೆ ಉತ್ತರ ಬರಲಿಲ್ಲ. ಅಕ್ಕಾರು ಹನುಮಸಾಗರದಿಂದ ಮತ್ತೆ ಬಂದರು, ಮತ್ತೆ ಬರೆದೆವು. ಹನಮವ್ವ ಬದುಕಿರುವ ತನಕವೂ, ಅವಳು ತೀರಿಕೊಂಡ ಮೇಲೂ ವರ್ಷಕ್ಕೊಂದು ಅರ್ಜಿ ಹೋಯಿತು, ಪ್ರತಿಯೊಂದೂ ಕೇರಿಯವರೆಲ್ಲ ಕೂತು ಓದಿದ್ದು. ಒಂದಕ್ಕೂ ಉತ್ತರ ಬಂದಿಲ್ಲ. ಹೋದ ವಾರ, ಸಂತಾಪ ಸಭೆಯಿಂದ ಎದ್ದು ಬಂದ ಮರುದಿನ, ಅವಳ ಮೊಮ್ಮಗಳು ಹಾಳೆ ತೆಗೆದುಕೊಂಡು ನಮ್ಮ ಮನೆಗೆ ಬಂದಳು. ಈ ವರ್ಷದ್ದನ್ನು ಅವಳೇ ಬರೆದಿದ್ದಳು. ಓದಿ ನೋಡಿದೆ. ಎಲ್ಲಿಯೂ 'ದಯವಿಟ್ಟು' ಎಂದಿರಲಿಲ್ಲ.